ಹತ್ತು ಸೆಂಟಿಮೀಟರು ಕಮ್ಮಿ

ಮೂವತ್ತು ವರ್ಷಗಳಿಂದ ದಿನಾ ಗಡ್ಡ ಹೆರೆದುಕೊಳ್ಳುತ್ತ ಬಂದವನಿಗೆ, ಬ್ಲೇಡಿನ ಪೊಟ್ಟಣದ ಮೇಲೆ ಎಚ್ಚರಿಕೆಯ ತ್ರಿಕೋನವೇ ಇಲ್ಲ ಅನ್ನುವುದು ಅವತ್ತು ಬೆಳಿಗ್ಗೆ ಮೊದಲ ಸಲ ಹೊಳೆಯಿತು. ಹೊಳೆದದ್ದೇ ತಡ, ಗಲ್ಲದ ಮೇಲೆ ಸರಿಯಾಗಿ ಕೊಯ್ದುಕೊಂಡ. ಕನ್ನಡಿಯಲ್ಲಿ ರಕ್ತ ಸಣ್ಣಗೆ ಇಳಿಯುವುದನ್ನು ನೋಡುತ್ತ, ಕಸುಬಿನ ಅಭ್ಯಾಸ ಬಿಡದೆ, ಇದರಲ್ಲಿ ತಪ್ಪು ಯಾರದೆಂದು ವಿಚಾರಣೆ ಶುರು ಮಾಡಿದ: ಬ್ಲೇಡು ಮಾಡಿದವನದೋ, ಪೊಟ್ಟಣ ಅಚ್ಚು ಹಾಕಿದವನದೋ, ಎಚ್ಚರಿಕೆ ಹುಡುಕುತ್ತ ನಿಂತು ಕೈ ಜಾರಿಸಿದವನದೋ. ತೀರ್ಪು ಬರುವ ಮೊದಲೇ ಕಾಲರಿಗೆ ರಕ್ತ ತಗುಲಿತು. ಕಾಗದದ ಚೂರು ಅಂಟಿಸಿಕೊಂಡು ಅಡುಗೆಮನೆಗೆ ಬಂದರೆ ಹೆಂಡತಿ ಒಂದು ಸಲ ಮುಖ ನೋಡಿದಳು. “ಅಲ್ಲೂ ಒಂದು ಬೋರ್ಡು ಬಡೀಬಾರ್ದಾಗಿತ್ತಾ?” ಅಂದಳು. ಅವನು ತಟ್ಟೆಯ ಮುಂದೆ ಕುಳಿತು ಗೋಡೆ ನೋಡಿದ. “ಹನ್ನೆರಡು ದಿನದಿಂದ ನೋಡ್ತಾ ಇದೀನಿ. ತಿಂಡಿ ಮುಂದೆ ಕೂತ್ಕೋತೀರಿ, ಗೋಡೆ ದಿಟ್ಟಿಸ್ತೀರಿ. ಅಂಥದ್ದೇನಿದೆ ಗೋಡೇಲಿ?” “ಏನೂ ಇಲ್ಲ.” “ಏನೂ ಇಲ್ದೇ ಇರೋದನ್ನ ಅಷ್ಟು ಹೊತ್ತು ನೋಡ್ತಾರಾ ಯಾರಾದ್ರೂ?” ಎಂದು ಅವಳು ಒಲೆಯ ಕಡೆ ತಿರುಗಿದಳು. ಇವಳಿಗೆ ಹೇಗೋ ಗೊತ್ತಾಗಿಬಿಟ್ಟಿದೆ ಎಂದು ಅವನ ಎದೆ ಧಸಕ್ಕೆಂದಿತು. ಅವಳಿಗೆ ಏನೂ ಗೊತ್ತಿರಲಿಲ್ಲ, ತಿಂಡಿ ಆರುತ್ತಿದೆ ಅನ್ನುವುದಷ್ಟೇ ಗೊತ್ತಿತ್ತು.

ಅವನು ರಬ್ಬರಿನ ಕಾಲೊರಸು ಮಾಡುವ ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ. ಕಾರ್ಖಾನೆಯಲ್ಲಿ ನೂರಾ ಎಪ್ಪತ್ತು ಜನ, ಇನ್ನೂರ ಹದಿನಾಲ್ಕು ಬೋರ್ಡು. ತಲೆಗೊಂದರಂತೆ ಹಂಚಿದರೂ ನಲವತ್ತನಾಲ್ಕು ಮಿಗುತ್ತಿದ್ದವು. ಕೆಲಸಗಾರರು ಅವನನ್ನು ಹಿಂದಿನಿಂದ ‘ತ್ರಿಕೋನ’ ಎನ್ನುತ್ತಿದ್ದರು, ಎದುರಿಗೆ ‘ಸಾರ್’ ಎನ್ನುತ್ತಿದ್ದರು. ಎರಡನ್ನೂ ಹೇಳುವಾಗ ಅವರ ಮುಖದಲ್ಲಿ ಇರುತ್ತಿದ್ದದ್ದು ಒಂದೇ ನಗೆ ಎಂದು ಅವನಿಗೆ ಅನುಮಾನ. ಕೆಂಪು ವೃತ್ತಕ್ಕೆ ಅಡ್ಡಗೆರೆ ಎಳೆದರೆ ಮಾಡಬೇಡ. ನೀಲಿ ವೃತ್ತವಾದರೆ ಮಾಡಲೇಬೇಕು. ಹಳದಿ ತ್ರಿಕೋನ ಕಂಡರೆ ಹುಷಾರು, ಮುಂದೆ ಅಪಾಯವಿದೆ. ಹಸಿರು ಚೌಕ ಕಂಡರೆ ಆ ಕಡೆ ಓಡು, ಬದುಕಿಕೋ. ಮನುಷ್ಯ ಹುಟ್ಟಿದಾರಭ್ಯ ಪಡುವ ಪಾಡೆಲ್ಲ ಈ ನಾಲ್ಕರೊಳಗೆ ಹಿಡಿಸುತ್ತದೆಂದು ಅವನು ಹೊಸದಾಗಿ ಸೇರಿದವರಿಗೆ ಪಾಠ ಮಾಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಗೂ ಮಾಡಿದ್ದ. ಅವಳು ಗಂಭೀರವಾಗಿ ಕೇಳಿ, “ಹಾಗಾದ್ರೆ ನಿಮ್ಮ ಅಮ್ಮನ ಮುಂದೆ ನಾನು ಬಾಯಿ ಬಿಡೋದು ಕೆಂಪು, ನಿಮಗೆ ಸೊಪ್ಪು ಹಾಕೋದು ನೀಲಿ. ಹಸಿರು ಎಲ್ಲಿದೆ ತೋರಿಸಿ, ಓಡಬೇಕು” ಅಂದಿದ್ದಳು. ಅದನ್ನು ತಮಾಷೆಯೆಂದು ತಿಳಿಯಲು ಅವನಿಗೆ ಸುಮಾರು ವರ್ಷ ಹಿಡಿಯಿತು.

ಸ್ಕೂಟರಿನಲ್ಲಿ ಹೊರಟವನಿಗೆ ಎರಡನೇ ಸಿಗ್ನಲ್ ದಾಟಿ ಅರ್ಧ ಫರ್ಲಾಂಗು ಬಂದ ಮೇಲೆ ಗೊತ್ತಾಯಿತು, ದಾಟಿದ್ದು ಕೆಂಪು ದೀಪ. ಬೆಳಗಿನ ಹೊತ್ತು, ಅಡ್ಡರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಆ ದೀಪದೆದುರು ಒಬ್ಬನೇ ಕಾಲೂರಿ ನಿಲ್ಲುವುದು, ಹಿಂದಿನವರು ಹಾರನ್ ಬಾರಿಸಿ ಅಪ್ಪ ಅಮ್ಮನನ್ನೆಲ್ಲ ನೆನೆಸಿಕೊಂಡರೂ ಜಗ್ಗದಿರುವುದು ಅವನ ಬಾಳಿನ ಸಣ್ಣ ಹೆಮ್ಮೆಗಳಲ್ಲಿ ಒಂದಾಗಿತ್ತು. ಇವತ್ತು ಸಲೀಸಾಗಿ ನುಗ್ಗಿಬಿಟ್ಟಿದ್ದ. ಯಾರೂ ಸೀಟಿ ಊದಲಿಲ್ಲ, ಯಾವ ಲಾರಿಯೂ ಬಂದು ಗುದ್ದಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಬೇಜಾರಾಯಿತು. ತಪ್ಪು ಮಾಡಿದವನಿಗೆ ಏನೂ ಆಗುವುದಿಲ್ಲ ಅನ್ನುವುದನ್ನು ಹನ್ನೆರಡು ದಿನದಿಂದ ನೋಡುತ್ತಲೇ ಇದ್ದಾನೆ. ಹನ್ನೆರಡು ದಿನದ ಹಿಂದೆಯೂ ಹೀಗೇ ಬಿಸಿಲಿತ್ತು. ಹನ್ನೊಂದೂ ಹತ್ತಕ್ಕೆ ಮಿಲ್ಲಿನ ಕಡೆಯಿಂದ ಒಂದು ಕೂಗು ಬಂತು, ಅದು ಕೂಗೋ ಯಂತ್ರದ ಸದ್ದೋ ತಿಳಿಯುವ ಮೊದಲೇ ಎಲ್ಲ ನಿಂತುಹೋಗಿ ಇಡೀ ಶೆಡ್ಡು ನಿಶ್ಶಬ್ದವಾಯಿತು. ಮಿಲ್ಲು ಅಂದರೆ ಎದುರುಬದುರಾಗಿ ಸುತ್ತುವ ಎರಡು ಕಬ್ಬಿಣದ ಉರುಳೆ. ಅವುಗಳ ನಡುವೆ ಹಸಿ ರಬ್ಬರನ್ನೂ ಕಪ್ಪು ಪುಡಿಯನ್ನೂ ಹಾಕಿ ನಾದುತ್ತಾರೆ. ರಬ್ಬರಿನಲ್ಲಿ ಸಿಕ್ಕಿಕೊಂಡಿದ್ದ ಚಿಂದಿ ಬಟ್ಟೆಯೊಂದನ್ನು ಎಳೆಯಲು ಹೋದ ಉದ್ದಣ್ಣನ ಬಲಗೈ ಒಳಗೆ ಹೋಗಿತ್ತು. ಆಳು ಎತ್ತರವಿದ್ದುದಕ್ಕೆ ಉದ್ದಣ್ಣ ಎಂದು ಹೆಸರಾದವನು. ಆ ಎತ್ತರವೇ ಕಾಪಾಡಿತು, ಎಡಗೈಯಿಂದ ತಲೆಯ ಮೇಲಿನ ಹಗ್ಗ ಎಳೆದು ತಾನೇ ಮಿಲ್ಲು ನಿಲ್ಲಿಸಿದ. ಮೂರು ಬೆರಳು ಹೋಗಿದ್ದವು. ಎಲ್ಲರೂ ಉದ್ದಣ್ಣನ ಕಡೆ ಓಡಿದರು. ಸುರಕ್ಷತಾ ಅಧಿಕಾರಿ ತನ್ನ ಕೋಣೆಯ ಬೀರುವಿನ ಕಡೆ ಓಡಿದ.

ಬೀರುವಿನಲ್ಲಿ, ಹಳೇ ಪತ್ರಿಕೆಯಲ್ಲಿ ಸುತ್ತಿದ ಒಂದು ಬೋರ್ಡು ಎಂಟು ತಿಂಗಳಿಂದ ಮಲಗಿತ್ತು. ಚೌಕ ತಗಡಿನ ಮೇಲೆ ಹಳದಿ ತ್ರಿಕೋನ, ಒಳಗೆ ಎರಡು ಉರುಳೆ, ನಡುವೆ ಒಂದು ಕೈ. ಮಿಲ್ಲಿನ ಹಿಂದಿನ ಗೋಡೆಗೆಂದೇ ಮಾಡಿಸಿದ್ದು. ಬೋರ್ಡನ್ನು ಎಷ್ಟು ದೂರದಿಂದ ನೋಡಬೇಕೋ ಅದಕ್ಕೆ ತಕ್ಕ ಅಳತೆ ಇರಬೇಕೆಂದು ನಿಯಮ. ಅವನು ಶೆಡ್ಡಿನ ಬಾಗಿಲಿನಿಂದ ಟೇಪು ಹಿಡಿದು ಅಳೆದು, ಲೆಕ್ಕ ಹಾಕಿ, ಮೂವತ್ತು ಸೆಂಟಿಮೀಟರು ಎಂದು ಬರೆದುಕೊಟ್ಟಿದ್ದ. ಬಂದದ್ದು ಇಪ್ಪತ್ತರದು. ಬೋರ್ಡಿನಂಗಡಿಯವನು ಕಾಲ ಮೇಲೆ ಕಾಲು ಹಾಕಿಕೊಂಡು, “ಸಾರ್, ಕೈ ಕಾಣ್ಸುತ್ತೋ ಇಲ್ವೋ? ಉರುಳೆ ಕಾಣ್ಸುತ್ತೋ ಇಲ್ವೋ? ಮತ್ತೆ ಇನ್ನೇನು ಬೇಕು?” ಅಂದ. ಇವನ ಪಿತ್ತ ನೆತ್ತಿಗೇರಿತು. ನಿಯಮ ಅನ್ನುವುದು ಒಂದಿದೆಯಲ್ಲ! ಮೊದಲ ಕಾಗದ ಬರೆದ, ಅಂಗಡಿಯವನು ಉತ್ತರ ಬರೆದ, ಅದರಲ್ಲಿನ ಉಡಾಫೆಗೆ ಇವನು ಎರಡು ಪುಟದ ಖಂಡನೆ ಬರೆದ. ಹೀಗೆ ಹದಿನೇಳು ಕಾಗದಗಳಾದವು. ಆ ಕಾಗದಗಳ ಕನ್ನಡ ಚೆನ್ನಾಗಿತ್ತು. ಹನ್ನೊಂದನೆಯದನ್ನಂತೂ ಅವನು ಹೆಂಡತಿಗೂ ಓದಿ ಹೇಳಿದ್ದ. ಅಲ್ಲಿಯವರೆಗೆ ಚಿಕ್ಕ ಬೋರ್ಡನ್ನೇ ಹಾಕಬಹುದಿತ್ತಲ್ಲ ಎಂದು ಯಾರಾದರೂ ಕೇಳಿದ್ದರೆ ಅವನು ಅವರನ್ನು ಕರುಣೆಯಿಂದ ನೋಡುತ್ತಿದ್ದ. ಅಳತೆ ತಪ್ಪಿದ ಬೋರ್ಡು ಹಾಕುವುದು ನಿಯಮದ ಉಲ್ಲಂಘನೆ. ಬೋರ್ಡೇ ಹಾಕದಿರುವುದು ಬಾಕಿ ಉಳಿದಿರುವ ಕೆಲಸ. ಇವೆರಡರ ವ್ಯತ್ಯಾಸ ಅವನಂಥವರಿಗೆ ಮಾತ್ರ ಗೊತ್ತಾಗುತ್ತದೆ.

ಅವತ್ತು ಆಂಬುಲೆನ್ಸು ಗೇಟು ದಾಟುವಷ್ಟರಲ್ಲಿ ಅವನು ಏಣಿ ಹತ್ತಿದ್ದ. ಮಿಲ್ಲಿನ ಸುತ್ತ ಒಂದು ನೊಣವೂ ಇರಲಿಲ್ಲ; ಎಲ್ಲರೂ ಅಂಗಳದಲ್ಲಿ ಗುಂಪುಗೂಡಿದ್ದರು. ನಾಲ್ಕು ಮೂಲೆಗೆ ನಾಲ್ಕು ತಿರುಪು. ಗೋಡೆಗೆ ಅಂಗೈ ಊರಿ ಅಳತೆ ನೋಡಿಕೊಂಡು, ಬೋರ್ಡು ಸೊಟ್ಟಗಾಗದಂತೆ ಕೂರಿಸಿದ. ಇಳಿದು ನಿಂತು ನೋಡಿದರೆ ಬೋರ್ಡು ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಪ್ರತಿ ಸೋಮವಾರ ಇನ್ನೂರ ಹದಿಮೂರು ಬೋರ್ಡುಗಳ ಮುಖ ಒರೆಸಿಸುತ್ತಿದ್ದ ಮನುಷ್ಯ ಕರವಸ್ತ್ರದಲ್ಲಿ ನೆಲದ ಕಪ್ಪು ಪುಡಿ ಒತ್ತಿಕೊಂಡು, ಮತ್ತೆ ಏಣಿ ಹತ್ತಿ ಅದರ ಮುಖಕ್ಕೆ ಬಳಿದ. ವಯಸ್ಸಾದಂತೆ ಕಾಣುವಷ್ಟು, ಓದಲಾಗದಷ್ಟಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡ. ಒಂದು ಗಂಟೆಗೆ ವಿಚಾರಣಾಧಿಕಾರಿ ಬಂದು ಫೋಟೋ ತೆಗೆದುಕೊಂಡರು. ಮ್ಯಾನೇಜರು ಅವನನ್ನು ಪಕ್ಕಕ್ಕೆ ಕರೆದು, “ಅಲ್ಲಿ ಬೋರ್ಡು ಇದೆ ತಾನೇ?” ಎಂದು ಕೇಳಿ, “ಇದೆ ಸಾರ್” ಅಂದಾಗ ದೀರ್ಘವಾಗಿ ಉಸಿರು ಬಿಟ್ಟರು. ಯಾವತ್ತಿನಿಂದ ಎಂದು ಕೇಳಲಿಲ್ಲ. ಏನನ್ನು ಕೇಳಬಾರದೆಂದು ತಿಳಿದವರಾದ್ದರಿಂದಲೇ ಅವರು ಮ್ಯಾನೇಜರು, ಇವನು ಇನ್ನೂ ಏಣಿ ಹತ್ತುತ್ತಿದ್ದಾನೆ.

ಇವತ್ತು ಮಧ್ಯಾಹ್ನ ಮೂರಕ್ಕೆ ಕೊನೆಯ ವಿಚಾರಣೆ. ವಿಷಯ ಸರಳ. ಎಚ್ಚರಿಕೆ ಇದ್ದೂ ಕೈ ಹಾಕಿದ್ದರೆ ಅದು ಉದ್ದಣ್ಣನ ಸ್ವಂತ ತಪ್ಪು, ಕೆಲಸ ಹೋಗುತ್ತದೆ. ಎಚ್ಚರಿಕೆಯೇ ಇರಲಿಲ್ಲವೆಂದಾದರೆ ಕಂಪನಿಯ ತಪ್ಪು, ಅವನಿಗೆ ಎರಡು ಬೆರಳಿನಲ್ಲಿ ಮಾಡಬಹುದಾದ ಬೇರೆ ಕೆಲಸ ಕೊಟ್ಟು ಉಳಿಸಿಕೊಳ್ಳಬೇಕು. ಆರು ತಿಂಗಳ ಹಿಂದಷ್ಟೇ ಕತ್ತರಿಸುವ ವಿಭಾಗದಿಂದ ಮಿಲ್ಲಿಗೆ ಬಂದವನು ಅವನು. ತರಬೇತಿಯ ಕಾಗದದಲ್ಲಿ ‘ಅಪಾಯಗಳನ್ನು ಅಲ್ಲಲ್ಲಿನ ಬೋರ್ಡುಗಳನ್ನು ನೋಡಿ ತಿಳಿದುಕೊಳ್ಳತಕ್ಕದ್ದು’ ಎಂದು ಬರೆದವನು ತ್ರಿಕೋನನೇ, ಸ್ವಹಸ್ತದಿಂದ. ತನ್ನ ಕೋಣೆಯಲ್ಲಿ ಕೂತು ಸಾಕ್ಷಿಗಳ ಹೇಳಿಕೆ ತಿರುವಿದ. “ಬೋರ್ಡಾ? ಇರಲೇಬೇಕು ಸಾರ್. ಎಲ್ಲಿ ಇಲ್ಲ ಬೋರ್ಡು ಈ ಕಾರ್ಖಾನೇಲಿ?” ಎಂದು ಒಬ್ಬ. “ನೋಡಿದೀನಿ, ಹಳದೀದು” ಎಂದು ಇನ್ನೊಬ್ಬ. ಪಕ್ಕದ ಮಿಲ್ಲಿನ ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಹೋಗಿ, ತಾನು ಸೇರಿದಾಗಿನಿಂದ, ಅಂದರೆ ನಾಲ್ಕು ವರ್ಷದಿಂದ, ಅದನ್ನು ದಿನಾ ನೋಡುತ್ತಿದ್ದೇನೆಂದು ಬರೆಸಿದ್ದ. ಯಾರೂ ಸುಳ್ಳು ಹೇಳಿರಲಿಲ್ಲ, ಅದೇ ತಮಾಷೆ. ಇನ್ನೂರ ಹದಿಮೂರು ಬೋರ್ಡು ಬಡಿದವನು ಇನ್ನೊಂದನ್ನು ಬಡಿಯದೇ ಇರುತ್ತಾನೆಯೇ ಎಂದು ಪ್ರಾಮಾಣಿಕವಾಗಿ ನಂಬಿದ್ದರು. ಹದಿನಾರು ವರ್ಷ ಅವನು ಗಳಿಸಿದ್ದೆಲ್ಲ ಆ ಹೇಳಿಕೆಗಳಲ್ಲಿತ್ತು. ಯಾವ ಬೋರ್ಡನ್ನೂ ಯಾರೂ ಒಂದು ದಿನವೂ ನೋಡಿರಲಿಲ್ಲ.

ಬೋರ್ಡು ಇದ್ದಿದ್ದರೂ ಉದ್ದಣ್ಣ ಕೈ ಹಾಕುತ್ತಿದ್ದನೇನೋ ಎಂದು ಅವನು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದಾನೆ. ಬಸ್ಸಿನ ಬಾಗಿಲಲ್ಲಿ ‘ನಿಲ್ಲಬೇಡಿ’ ಎಂಬ ಅಕ್ಷರಗಳಿಗೇ ಬೆನ್ನು ಆನಿಸಿ ಜನ ನಿಲ್ಲುವುದಿಲ್ಲವೇ? ಆದರೆ ಆ ಸಮಾಧಾನವನ್ನು ಸ್ವಲ್ಪ ಎಳೆದರೆ ಅದರ ಇನ್ನೊಂದು ತುದಿ ಬಂದು ತಾಗುತ್ತಿತ್ತು: ಇದ್ದರೂ ಉಪಯೋಗವಿಲ್ಲ ಎಂದಾದರೆ ಹದಿನಾರು ವರ್ಷ ತಾನು ಮಾಡಿದ್ದು ಏನು? ಒಂದೋ ತಾನು ಮೂರು ಬೆರಳು ತಿಂದವನು, ಇಲ್ಲವೋ ಹದಿನಾರು ವರ್ಷ ದಂಡಪಿಂಡ. ಎರಡರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಬಹುದಿತ್ತು. ಅವನು ಎರಡನ್ನೂ ಬಿಟ್ಟು, ಸಾಕ್ಷಿಗಳ ಹೇಳಿಕೆಯಲ್ಲಿ ಎರಡು ಕಡೆ ಪುಟದ ಸಂಖ್ಯೆ ತಪ್ಪಿರುವುದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ.

ಎರಡು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಉದ್ದಣ್ಣ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬ್ಯಾಂಡೇಜು ಸುತ್ತಿದ ಕೈಯನ್ನು ಬೇರೆಯವರ ಮಗು ಎತ್ತಿಕೊಂಡವರ ಹಾಗೆ ಎದೆಗೆ ಹಿಡಿದು ನಿಂತಿದ್ದ. ಒಳಗೆ ಬರುವ ಮುಂಚೆ ಬಾಗಿಲ ಮೇಲೆ ಬರೆದದ್ದನ್ನೆಲ್ಲ, ‘ಒಳಗೆ ಬರುವ ಮುನ್ನ ಅನುಮತಿ ಪಡೆಯಿರಿ’ಯಿಂದ ‘ಬಾಗಿಲನ್ನು ಮೆಲ್ಲಗೆ ಮುಚ್ಚಿ’ಯವರೆಗೆ, ತುಟಿ ಆಡಿಸುತ್ತ ಓದಿದ.

“ಒಳಗೆ ಬರಬಹುದಾ ಸಾರ್?”

“ಬಾ ಉದ್ದಣ್ಣ. ಕೂತ್ಕೋ.”

“ಕೂತ್ಕೊಳ್ಳೋಕೆ ಬಂದಿಲ್ಲ ಸಾರ್. ಒಂದು ಸಲ ಆ ಬೋರ್ಡು ತೋರಿಸ್ತೀರಾ? ಎಲ್ಲಾರೂ ಇತ್ತು ಇತ್ತು ಅಂತಾರೆ. ಮೂರು ಗಂಟೆಗೆ ಆ ವಿಚಾರಣೆ ಮೇಡಂ ಕೇಳ್ತಾರಲ್ಲ, ನಾನೂ ಕಣ್ಣಾರೆ ನೋಡ್ಕೊಂಡು ಹೇಳಿದ್ರೆ ಒಳ್ಳೇದು ಅನ್ನಿಸ್ತು.”

ಇಬ್ಬರೂ ಮಿಲ್ಲಿನ ಕಡೆ ನಡೆದರು. ದಾರಿಯುದ್ದಕ್ಕೂ ಉದ್ದಣ್ಣ ನೆಲದ ಮೇಲಿನ ಹಳದಿ ಗೆರೆಯ ಒಳಗೇ, ಪರೀಕ್ಷೆಗೆ ಕೂತ ಹುಡುಗನಂತೆ ಕಾಲಿಟ್ಟ. ಮಿಲ್ಲಿಗೆ ಬೀಗ ಹಾಕಿದ್ದರಿಂದ ಆ ಮೂಲೆಯಲ್ಲಿ ಜನ ಇರಲಿಲ್ಲ. ಗೋಡೆ, ಪೈಪು, ತೊಲೆ, ಮೇಲಿನ ದೀಪ ಎಲ್ಲದರ ಮೇಲೂ ತಿಂಗಳುಗಟ್ಟಲೆಯ ಕಪ್ಪು ಪುಡಿ. ಉದ್ದಣ್ಣ ತಲೆಯೆತ್ತಿ ಬೋರ್ಡನ್ನು ಬಹಳ ಹೊತ್ತು ನೋಡಿದ. “ಹೌದಲ್ವಾ ಸಾರ್” ಅಂದ, “ಕಣ್ಣಿಗೆ ರಾಚೋ ಹಾಗೇ ಇದೆ. ಈಗ ನೆನಪಾಗುತ್ತೆ. ಇಲ್ಲೇ ಇತ್ತು. ದಿನಾ ನೋಡ್ತಿದ್ದೆ. ಅವತ್ತೂ ನೋಡಿರ್ತೀನಿ, ನನ್ನ ಬುದ್ಧೀಗೇ ಮಂಕು ಬಡೀತು. ನೀವು ಇಷ್ಟು ಕಷ್ಟಪಟ್ಟು ನಮಗೋಸ್ಕರ ಹಾಕ್ತೀರಿ, ನಾವು ಕುರುಡರ ಥರ… ತಪ್ಪಾಯ್ತು ಸಾರ್.” ಎಡಗೈಯನ್ನು ಹಣೆಗೆ ಮುಟ್ಟಿಸಿ ನಮಸ್ಕಾರದಂಥದ್ದೇನನ್ನೋ ಮಾಡಿದ, ಒಂದೇ ಕೈಯಾದ್ದರಿಂದ ಅದು ಅರ್ಧಕ್ಕೇ ನಿಂತಿತು. ಬೈದಿದ್ದರೆ ತ್ರಿಕೋನ ತಡೆದುಕೊಳ್ಳುತ್ತಿದ್ದ. ಕೊರಳಪಟ್ಟಿ ಹಿಡಿದಿದ್ದರೆ ನಿಯಮದ ಪ್ರಕಾರ ಎರಡು ಪುಟದ ದೂರು ಬರೆಯುತ್ತಿದ್ದ. ಈ ಕ್ಷಮಾಪಣೆಯನ್ನು ಏನು ಮಾಡುವುದೆಂದು ಯಾವ ಕೈಪಿಡಿಯಲ್ಲೂ ಇರಲಿಲ್ಲ.

“ಇರಲಿಲ್ಲ ಉದ್ದಣ್ಣ” ಅಂದ. ಹೇಳಿದ್ದು ತಾನೇ ಎಂದು ನಂಬಿಕೆಯಾಗದೆ ಇನ್ನೊಮ್ಮೆ ಅಂದ: “ಅವತ್ತು ಇದು ಇಲ್ಲಿ ಇರಲಿಲ್ಲ. ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಮೇಲೆ ನಾನೇ ಹಾಕಿದ್ದು. ಎಂಟು ತಿಂಗಳು ನನ್ನ ಬೀರುನಲ್ಲಿತ್ತು.”

ಉದ್ದಣ್ಣ ಅವನ ಮುಖವನ್ನು ದಿಟ್ಟಿಸಿದ. ಉದ್ದಣ್ಣನ ಮುಖ ಮೆಲ್ಲಗೆ ಸಡಿಲವಾಯಿತು, ಕಣ್ಣಲ್ಲಿ ನೀರಾಡಿತು. “ನೀವು ದೊಡ್ಡವರು ಸಾರ್” ಅಂದ. “ನನ್ನ ಕೆಲಸ ಉಳೀಲಿ ಅಂತ ನಿಮ್ಮ ತಲೆ ಮೇಲೆ ಹಾಕ್ಕೋತಿದೀರಿ. ಬೇಡ ಸಾರ್. ನಿಮಗೂ ಹೆಂಡ್ತಿ ಮನೆ ಅಂತ ಇದೆ.”

“ಅಯ್ಯೋ ಮಾರಾಯ, ನಾನು ನಿಜಾನೇ ಹೇಳ್ತಿರೋದು!”

“ಗೊತ್ತು ಸಾರ್, ಗೊತ್ತು” ಎಂದು ಉದ್ದಣ್ಣ ಎಡಗೈಯಿಂದ ಅವನ ಭುಜ ತಟ್ಟಿದ. ಬದುಕಿನಲ್ಲಿ ಮೊದಲ ಬಾರಿ ಕೆಲಸಗಾರನೊಬ್ಬ ಅವನನ್ನು ನಗೆಯಿಲ್ಲದೆ ‘ಸಾರ್’ ಎಂದಿದ್ದ, ಅದೂ ನಿಜ ಹೇಳಿದ್ದನ್ನು ಔದಾರ್ಯವೆಂದು ತಪ್ಪು ತಿಳಿದು. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು. ಉದ್ದಣ್ಣ ಹಳದಿ ಗೆರೆಯೊಳಗೇ ವಾಪಸು ನಡೆದ, ತ್ರಿಕೋನ ಅವನ ಹಿಂದೆ. ಇವನು ನಂಬಲಿಲ್ಲವಲ್ಲ, ತಾನು ಹೇಳುವುದನ್ನು ಹೇಳಿದ್ದಾಯಿತು, ಇನ್ನು ತನ್ನ ಮೇಲೇನಿದೆ ಎಂಬ ಲೆಕ್ಕ ಅವನ ತಲೆಯಲ್ಲಿ ಆಗಲೇ ಶುರುವಾಗಿತ್ತು. ಆ ಲೆಕ್ಕ ಎಷ್ಟು ಚೊಕ್ಕವಾಗಿ ಕೂಡಿಬರುತ್ತಿದೆ ಎಂದು ನೋಡಿ ಅವನಿಗೇ ಹೇಸಿಗೆಯಾಯಿತು. ಆದರೂ ಕೂಡುವುದನ್ನು ನಿಲ್ಲಿಸಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಎಂಟು ಕುರ್ಚಿ, ‘ಧೂಮಪಾನ ನಿಷೇಧಿಸಿದೆ’ ಎಂಬ ಬೋರ್ಡಿನ ಕೆಳಗೆ ಮ್ಯಾನೇಜರ ಬೂದಿಬಟ್ಟಲು. ವಿಚಾರಣಾಧಿಕಾರಿ ಕನ್ನಡಕ ಹಾಕಿದ, ನಡುವಯಸ್ಸಿನ ಹೆಂಗಸು. ಸಂಜೆ ಇನ್ನೊಂದು ಕಾರ್ಖಾನೆಯಲ್ಲಿ ಇನ್ನೊಬ್ಬರ ಕೈಯೋ ಕಾಲೋ ಕಾದಿತ್ತು, ಹಾಗಾಗಿ ಗಡಿಯಾರ ನೋಡುತ್ತಿದ್ದರು. ಸಾಕ್ಷಿಗಳ ಹೇಳಿಕೆ ಓದಿದ್ದಾಯಿತು. ಉದ್ದಣ್ಣ ಎದ್ದು ನಿಂತು, “ಬೋರ್ಡು ಇತ್ತು ಮೇಡಂ. ಈಗ ತಾನೇ ನೋಡ್ಕೊಂಡು ಬಂದೆ. ಅವತ್ತು ನಾನೇ ಗಮನ ಕೊಡ್ಲಿಲ್ಲ” ಅಂದ. ಅವರು ಬರೆದುಕೊಂಡರು. ಮ್ಯಾನೇಜರು ಸಂತಾಪದ ಮುಖ ಮಾಡಿಕೊಂಡು ಸಿಗರೇಟಿಗೆ ಕೈ ಹಾಕಿದರು. “ಸುರಕ್ಷತಾ ಅಧಿಕಾರಿಗಳು ಏನಾದ್ರೂ ಹೇಳೋದಿದೆಯಾ?” ಎಂದು ವಿಚಾರಣಾಧಿಕಾರಿ ಪೆನ್ನಿನ ಮುಚ್ಚಳ ಹಾಕುತ್ತಲೇ ಕೇಳಿದರು. ಇಲ್ಲ ಅನ್ನಲು ಅವನು ಬಾಯಿ ತೆರೆದ. ಎದುರಿಗೆ ಉದ್ದಣ್ಣ ಅವನನ್ನೇ ನೋಡುತ್ತ, ಬೇಡ ಸಾರ್, ನಿಮ್ಮ ಸಂಸಾರ ನೋಡಿಕೊಳ್ಳಿ ಅನ್ನುವಂತೆ ಸಣ್ಣಗೆ ತಲೆಯಾಡಿಸಿದ. ಆ ಕನಿಕರವನ್ನು ಅವನು ತಡೆದುಕೊಳ್ಳಲಾರದೆ ಹೋದ. ಮೂರು ಬೆರಳು ಕಳೆದುಕೊಂಡವನು ತನ್ನ ಮೇಲೆ ಕನಿಕರಪಡುತ್ತಿದ್ದಾನೆ.

“ಬೋರ್ಡು ಇರಲಿಲ್ಲ ಮೇಡಂ” ಅಂದ. “ಅಪಘಾತ ಆದ ಮೇಲೆ ಹನ್ನೊಂದೂ ನಲವತ್ತಕ್ಕೆ ನಾನು ಹಾಕಿದೆ.”

ಮ್ಯಾನೇಜರು ಮೃದುವಾಗಿ ನಕ್ಕರು. “ಮೇಡಂ, ಪಾಪ, ಇವರು ಹನ್ನೆರಡು ದಿನದಿಂದ ನಿದ್ದೆ ಮಾಡಿಲ್ಲ. ತುಂಬಾ ಮನಸ್ಸಿಗೆ ಹಚ್ಕೊಂಡಿದಾರೆ. ಬಹಳ ಸೂಕ್ಷ್ಮ ಸ್ವಭಾವ.” ಅಧಿಕಾರಿ ಕಡತ ತಿರುವಿ, “ನಿಮ್ಮ ರಿಜಿಸ್ಟರಿನಲ್ಲೇ ಈ ಬೋರ್ಡು ಎಂಟು ತಿಂಗಳ ಹಿಂದೆ ಬಂದಿದೆ ಅಂತ ಇದೆ. ನಿಮ್ಮದೇ ಸಹಿ. ಏಳು ಜನ ಸಾಕ್ಷಿ ಹೇಳಿದಾರೆ. ಗಾಯ ಆದವರೇ ಒಪ್ಕೊಂಡಿದಾರೆ. ನೀವೊಬ್ರೇ ಇಲ್ಲ ಅಂತೀರಿ. ಸಾಕ್ಷಿ ಏನಿದೆ?” ಎಂದರು. ಏನಿದೆ? ಅವನ ಸಾಚಾತನವನ್ನು ಹದಿನಾರು ವರ್ಷದ ಅವನ ರಿಜಿಸ್ಟರುಗಳೇ ಸುಳ್ಳು ಮಾಡುತ್ತಿದ್ದವು. ಆ ಹದಿನೇಳು ಕಾಗದಗಳಲ್ಲೂ ಅಳತೆಯ ಜಗಳವಿತ್ತೇ ಹೊರತು, ಬೋರ್ಡು ಗೋಡೆಯ ಮೇಲಿಲ್ಲವೆಂದು ಒಂದರಲ್ಲೂ ಇರಲಿಲ್ಲ. ಉದ್ದಣ್ಣ “ಬಿಡಿ ಸಾರ್, ಕೂತ್ಕೊಳ್ಳಿ” ಅಂದ. ಕೂತುಬಿಡಬಹುದಿತ್ತು, ಇದಕ್ಕಿಂತ ಗೌರವಯುತವಾಗಿ ಸೋಲುವ ಅವಕಾಶ ಇನ್ನು ಸಿಗಲಾರದು. ಕುರ್ಚಿಯ ಬೆನ್ನು ಹಿಡಿದುಕೊಂಡಾಗ, ಅವತ್ತು ಬಚ್ಚಲಿನಲ್ಲಿ ಎಷ್ಟು ತಿಕ್ಕಿದರೂ ಅಂಗೈಯ ಕಪ್ಪು ಹೋಗದೆ ಇದ್ದದ್ದು ಯಾಕೋ ನೆನಪಾಯಿತು. ಪುಡಿ ಬಳಿದದ್ದು ಕರವಸ್ತ್ರದಲ್ಲಿ. ಅಂಗೈಗೆ ಹೇಗೆ ಬಂತು ಅಷ್ಟೊಂದು? ಗೋಡೆಯಿಂದ ಬಂದಿತ್ತು.

“ಎರಡು ನಿಮಿಷ ಬನ್ನಿ ಮೇಡಂ. ಗೋಡೆ ತೋರಿಸ್ತೀನಿ.”

ಅವರು ಗಡಿಯಾರ ನೋಡಿಕೊಂಡು ಎದ್ದರು. ಮ್ಯಾನೇಜರು ಸಿಗರೇಟು ಆರಿಸಿ ಹಿಂದೆಯೇ ಬಂದರು, ಉದ್ದಣ್ಣನೂ ಬಂದ. ತ್ರಿಕೋನ ಫಿಟ್ಟರನ ಹತ್ತಿರ ಸ್ಕ್ರೂಡ್ರೈವರು ಕೇಳಿ ತೆಗೆದುಕೊಂಡು ಏಣಿ ಹತ್ತಿದ. ಎತ್ತರದಲ್ಲಿ ಕೆಲಸ ಮಾಡುವಾಗ ಹೆಲ್ಮೆಟ್ಟು ಹಾಕಬೇಕೆಂದು ಏಣಿಯ ಪಕ್ಕದಲ್ಲೇ ಅವನ ನೀಲಿ ಬೋರ್ಡಿತ್ತು. ಅವನಾಗಲಿ ಬೇರೆ ಯಾರಾಗಲಿ ಅದನ್ನು ನೋಡಲಿಲ್ಲ. ಮೊದಲು ಪಕ್ಕದ ಬೋರ್ಡನ್ನು ಬಿಚ್ಚಿದ, ಕಿವಿಗೆ ರಕ್ಷಣೆ ಹಾಕಿಕೊಳ್ಳಿ ಅನ್ನುವುದನ್ನು. ಅದರ ಹಿಂದೆ, ಕಪ್ಪು ಗೋಡೆಯ ನಡುವೆ, ಬೋರ್ಡಿನಷ್ಟೇ ಅಗಲದ ಒಂದು ತುಂಡು ಬಿಳಿ ಸುಣ್ಣ ಇತ್ತು. ಒಂಬತ್ತು ತಿಂಗಳ ಹಿಂದೆ, ಆ ಬೋರ್ಡು ಹಾಕುವ ಮೊದಲು ಗೋಡೆಗೆಲ್ಲ ಬಳಿದದ್ದು, ನಿನ್ನೆ ಬಳಿದ ಹಾಗಿತ್ತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. ಮ್ಯಾನೇಜರು “ಇದೆಲ್ಲಾ ಯಾಕೀಗ…” ಎಂದು ಶುರುಮಾಡಿ, ಮುಂದೇನು ಬರುತ್ತದೆಂದು ಹೊಳೆದು, ಮಾತು ನುಂಗಿದರು. ಅವನು ತ್ರಿಕೋನದ ಬೋರ್ಡಿನ ನಾಲ್ಕು ತಿರುಪು ಬಿಚ್ಚಿದ. ಬೋರ್ಡು ಕೈಗೆ ಬಂತು. ಹಿಂದಿನ ಗೋಡೆ ಅಕ್ಕಪಕ್ಕದ ಗೋಡೆಯಂತೆಯೇ ಕಪ್ಪಗಿತ್ತು. ಅದರ ನಡುವೆ, ಬೋರ್ಡು ಸೊಟ್ಟಗಾಗದಿರಲೆಂದು ಒಬ್ಬ ಶಿಸ್ತಿನ ಮನುಷ್ಯ ಅಳತೆ ನೋಡುವಾಗ ಗೋಡೆಗೆ ಅಂಗೈ ಊರಿದ್ದ ಗುರುತು ಮೂಡಿತ್ತು. ಐದೂ ಬೆರಳು ಸ್ಪಷ್ಟವಾಗಿ ಕಾಣುತ್ತಿದ್ದವು.

ಅಧಿಕಾರಿ ಫೋಟೋ ತೆಗೆದುಕೊಂಡರು. ಇನ್ನೊಂದು ತೆಗೆದುಕೊಂಡರು. “ಹೇಳಿಕೆಗಳನ್ನೆಲ್ಲ ಮತ್ತೆ ಬರೆಸ್ಕೋಬೇಕಾಗುತ್ತೆ” ಎಂದು ಮ್ಯಾನೇಜರ ಕಡೆ ತಿರುಗಿ ಹೇಳಿ, ಅವರನ್ನು ಕರೆದುಕೊಂಡು ಆಫೀಸಿಗೆ ನಡೆದರು. ಹೋಗುವಾಗ ಮ್ಯಾನೇಜರು ತ್ರಿಕೋನನನ್ನು ನೋಡಿದ ನೋಟದಲ್ಲಿ ಅವನ ಹದಿನಾರು ವರ್ಷದ ನೌಕರಿ ಮುಗಿದಿತ್ತು. ಅವನು ಏಣಿಯಿಂದ ಇಳಿದ. ಹಗುರಾಗುತ್ತದೆ ಎಂದುಕೊಂಡಿದ್ದ. ನಿಜ ಹೇಳಿದವರಿಗೆ ಹಾಗೆ ಆಗುತ್ತದೆಂದು ಎಲ್ಲೋ ಓದಿದ್ದ. ಹಾಗೇನೂ ಆಗಲಿಲ್ಲ, ಕಾಲು ನೋಯುತ್ತಿತ್ತು. ಉದ್ದಣ್ಣ ಗೋಡೆಯ ಮೇಲಿನ ಕೈಗುರುತನ್ನು ನೋಡುತ್ತಲೇ ಇದ್ದ, ಅವನ ಕೆನ್ನೆಯ ಸ್ನಾಯು ಬಿಗಿದು ಬಿಗಿದು ಸಡಿಲವಾಗುತ್ತಿತ್ತು. ಈಗ ಹೊಡೆಯುತ್ತಾನೆ ಎಂದು ತ್ರಿಕೋನ ಕಾದ. ಹೊಡೆದರೆ ಒಳ್ಳೆಯದು, ಒಂದು ಲೆಕ್ಕ ಮುಗಿಯುತ್ತದೆ. ಎಡಗೈಯಲ್ಲಿ ಹೊಡೆದರೆ ಏಟು ಯಾವ ಕಡೆ ಬೀಳುತ್ತದೆಂದು ಅಂದಾಜು ಮಾಡಿ ತನ್ನ ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡ.

ಉದ್ದಣ್ಣ ಹೊಡೆಯಲಿಲ್ಲ. ಅವನ ದನಿ ಮೊದಲ ಬಾರಿಗೆ ಗಡುಸಾಗಿತ್ತು, ‘ಸಾರ್’ ಬಿದ್ದುಹೋಗಿತ್ತು.

“ಮನೆಗೆ ಬನ್ನಿ.”

“ಏನು?”

“ನನ್ನ ಮನೆಗೆ ಬನ್ನಿ. ಈಗ್ಲೇ. ಶಾಲೆ ಬಿಡೋ ಹೊತ್ತು, ಮಗಳು ಬಂದಿರ್ತಾಳೆ, ಅವಳಿಗೂ ಹೇಳಿ. ಅಪ್ಪನಿಗೆ ಎದುರಿಗಿರೋದು ಕಾಣ್ಸಲ್ಲ ಅಂತ ಯಾರೋ ಅವಳ ತಲೇಲಿ ತುಂಬಿದಾರೆ. ನಾನೇ ತುಂಬಿದೀನಿ, ಇನ್ಯಾರು ತುಂಬ್ತಾರೆ. ಆಸ್ಪತ್ರೆಯಿಂದ ಬಂದಾಗಿಂದ ಈ ಎಡಗೈ ಹಿಡ್ಕೊಂಡು ಬೀದೀಲಿ ನಡೆಸ್ತಾಳೆ. ಒಂದೊಂದು ಬೋರ್ಡಿನ ಹತ್ರಾನೂ ನಿಲ್ಲಿಸ್ತಾಳೆ, ‘ಅಪ್ಪಾ, ಇದು ಕಾಣ್ಸುತ್ತಾ?’ ಅಂತಾಳೆ. ‘ಕಾಣ್ಸುತ್ತೆ ಮಗಳೇ’ ಅಂತೀನಿ. ‘ಏನು ಬರೆದಿದೆ ಓದು’ ಅಂತಾಳೆ. ಓದ್ತೀನಿ. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಇಲ್ಲಿ ಗಾಡಿ ನಿಲ್ಲಿಸಬೇಡಿ. ಜನ ನಿಂತು ನೋಡ್ತಾರೆ. ಸರಿಯಾಗಿ ಓದಿದ್ರೆ ಬೆನ್ನು ತಟ್ತಾಳೆ.”

ತ್ರಿಕೋನ ಕೈಯಲ್ಲಿದ್ದ ಬೋರ್ಡನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಇಡಲು ಬಗ್ಗಿದ.

“ಅದನ್ನೂ ತಗೊಳ್ಳಿ” ಅಂದ ಉದ್ದಣ್ಣ. “ಅವಳು ಕೇಳ್ತಾಳೆ.”